ಹದಿನಾಲ್ಕನೆಯ ಚೌಕಕ್ಕೆ ಸಿಕ್ಕ ಸನ್ಮಾನ

ವೇದಿಕೆಯ ನಡುವಿನ ಕುರ್ಚಿಯಲ್ಲಿರುವ, ದೋಹಾದ ನಮ್ಮ ಕನ್ನಡಿಗರ ಸಂಘದ ಅಧ್ಯಕ್ಷರಾದ ಯಜ್ಞೇಶ್ ಅವರೇ, ಅವರ ಎಡಬಲಕ್ಕೆ ಕುಳಿತಿರುವ ಮುಖ್ಯ ಅತಿಥಿಗಳೇ, ವಿಶೇಷ ಅತಿಥಿಗಳೇ, ಗೌರವ ಅತಿಥಿಗಳೇ (ಈ ಮೂವರಿಗೂ ಇರುವ ವ್ಯತ್ಯಾಸವನ್ನು ನನಗೆ ಎರಡು ಸಲ ಹೇಳಿಕೊಟ್ಟಿದ್ದಾರೆ, ಆದರೂ ಮರೆತಿದ್ದೇನೆ, ಕ್ಷಮಿಸಬೇಕು), ಅಲ್ ಸದ್ದ್‌ನಿಂದ, ಅಲ್ ರಯ್ಯಾನ್‌ನಿಂದ, ಬರ್ವಾ ಅಲ್ ಬರಾಹಾದಿಂದ ಶುಕ್ರವಾರದ ಮಧ್ಯಾಹ್ನದ ನಿದ್ದೆ ಬಿಟ್ಟು ಬಂದಿರುವ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ನಾವಿರುವ ಕಟ್ಟಡದ ಲಿಫ್ಟಿನಲ್ಲಿ ಒಂದು ಶುಚಿತ್ವದ ಪಟ್ಟಿ ಅಂಟಿಸಿದ್ದಾರೆ. ದಿನಕ್ಕೆ ನಾಲ್ಕು ಸಲ ಒರೆಸಬೇಕು, ಒರೆಸಿದ ಮೇಲೆ ಆಯಾ ಹೊತ್ತಿನ ಚೌಕದಲ್ಲಿ ಸಹಿ ಹಾಕಬೇಕು. ಇವತ್ತು ಬೆಳಗ್ಗೆ ಏಳಕ್ಕೆ ಹಾಲು ತರಲು ಇಳಿಯುವಾಗ ನೋಡಿದೆ. ಸಂಜೆ ಆರು ಗಂಟೆಯ ಚೌಕದಲ್ಲೂ ಸಹಿ ಬಿದ್ದಾಗಿತ್ತು. ಲಿಫ್ಟೇನೂ ಕೊಳಕಾಗಿರಲಿಲ್ಲ. ಸಹಿಯೂ ಅಂದವಾಗಿತ್ತು. ಬೇರೆ ಯಾರಾದರೂ ನಕ್ಕು ಮುಂದೆ ಹೋಗುತ್ತಿದ್ದರು. ನಾನು ಹಾಲು ತರುವುದನ್ನೇ ಮರೆತು ಅದೇ ಲಿಫ್ಟಿನಲ್ಲಿ ಮೇಲೆ ಹೋದೆ.

ಇದನ್ನು ಯಾಕೆ ಹೇಳಿದೆ ಎಂದು ನೀವು ಕೇಳಬಹುದು. ನನಗೂ ಸರಿಯಾಗಿ ಗೊತ್ತಿಲ್ಲ. ನನ್ನ ಕೈಯಲ್ಲಿ ಮೂರು ನಿಮಿಷದ ಕೃತಜ್ಞತಾ ಭಾಷಣ ಬರೆದ ಹಾಳೆ ಇದೆ. ಅದರಲ್ಲಿ ಲಿಫ್ಟ್ ಇಲ್ಲ.

ನಾನು ಮಾತಾಡುವವಳಲ್ಲ. ಮಂಗಳೂರಿನಲ್ಲಿ ಕನ್ನಡ ಎಂ.ಎ. ಓದುವಾಗ ಎರಡು ವರ್ಷ ಕೊನೆಯ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂತಿದ್ದೆ. ಬೀಳ್ಕೊಡುಗೆಯ ದಿನ ಒಬ್ಬ ಅಧ್ಯಾಪಕರು ನನ್ನನ್ನು ನೋಡಿ, "ನೀವು ಯಾವ ಕಾಲೇಜಿನಿಂದ ಬಂದದ್ದು?" ಎಂದು ಕೇಳಿದರು. ಅಂಥವಳಿಗೆ ಇವತ್ತು ಶಾಲು, ಹಾರ, ಹಣ್ಣಿನ ಬುಟ್ಟಿ, ಭೂತಗನ್ನಡಿಯ ಚಿತ್ರ ಕೆತ್ತಿದ ನೆನಪಿನ ಕಾಣಿಕೆ. ಅಂದಹಾಗೆ ನಮ್ಮ ಕಚೇರಿಯಲ್ಲಿ ಭೂತಗನ್ನಡಿ ಇಲ್ಲ. ಹಗ್ಗ, ಕುಂಟೆ, ಸಣ್ಣ ಬಾವುಟಗಳು, ಲೋಹ ಪತ್ತೆಮಾಡುವ ಯಂತ್ರ, ಒಂದು ಡಬ್ಬಿ ಬಣ್ಣದ ಪೆನ್ಸಿಲ್ ಇವೆ. ಪೆನ್ಸಿಲ್ ಡಬ್ಬಿ ನನ್ನ ವಶದಲ್ಲಿದೆ.

ನಿರೂಪಕರು ನನ್ನನ್ನು "ಮರಳುಗಾಡನ್ನು ಅಗೆದು ಸತ್ಯವನ್ನು ಹೊರತೆಗೆದ ಕನ್ನಡದ ಕುವರಿ" ಎಂದು ಕರೆದರು. ದಾಖಲೆಗಾಗಿ ಹೇಳುತ್ತೇನೆ: ಅದು ಅಗೆಯುವಷ್ಟು ಆಳದಲ್ಲಿ ಇರಲಿಲ್ಲ. ಎರಡು ಬೆರಳು ಆಳದಲ್ಲಿತ್ತು.

ನಮ್ಮ ಕಚೇರಿ ಏನು ಮಾಡುತ್ತದೆ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಪತ್ತೇದಾರಿಯಾ ಎಂದು ಕೆಲವರು, ಬೇಹುಗಾರಿಕೆಯಾ ಎಂದು ಇನ್ನು ಕೆಲವರು. ಎರಡೂ ಅಲ್ಲ. ಒಂದು ದೊಡ್ಡ ಅಪರಾಧ ನಡೆದಾಗ, ಕಾಣೆಯಾದ ವಸ್ತುವನ್ನೋ ಮನುಷ್ಯರನ್ನೋ ಎಲ್ಲಿ ಹುಡುಕಬೇಕು, ಎಲ್ಲಿ ಹುಡುಕುವುದು ವ್ಯರ್ಥ, ಯಾವ ಸಾಧನದಿಂದ ಎಷ್ಟು ಸಲ ಹುಡುಕಬೇಕು ಎಂದು ತನಿಖೆಯವರಿಗೆ ಸಲಹೆ ಕೊಡುವುದು ನಮ್ಮ ಕೆಲಸ. ಇದಕ್ಕೆ ಶೋಧ ಸಲಹೆಗಾರರು ಎನ್ನುತ್ತಾರೆ. ನಾನು ಸಲಹೆಗಾರ್ತಿ ಅಲ್ಲ. ಸಲಹೆಗಾರರು ತಿರುಮಲೇಶ್ ಸರ್. ಮೈಸೂರಿನವರು, ಭೂವಿಜ್ಞಾನ ಓದಿದವರು, ಇಪ್ಪತ್ತೆರಡು ವರ್ಷಗಳಿಂದ ಈ ದೇಶದ ಮರಳು, ಗಾಳಿ, ಉಬ್ಬರವಿಳಿತಗಳನ್ನು ನೋಡುತ್ತಿರುವವರು. ನಾನು ಅವರ ಕಡತ ನೋಡಿಕೊಳ್ಳುವವಳು, ತುಳು ಕನ್ನಡದ ಹೇಳಿಕೆಗಳಿದ್ದರೆ ಅನುವಾದ ಮಾಡುವವಳು.

ಸಂದರ್ಶನದ ದಿನ ಅವರು ನನ್ನ ಅಂಕಪಟ್ಟಿ ನೋಡಲಿಲ್ಲ. "ಬಸ್ ಸ್ಟಾಪಿಂದ ಇಲ್ಲಿವರ್ಗೂ ಬಂದ್ಯಲ್ಲಮ್ಮ, ದಾರೀಲಿ ಏನೇನಿತ್ತು ಹೇಳು" ಎಂದರು. ಜ್ಯೂಸ್ ಅಂಗಡಿಯ ಹಳೆಯ ಶಟರಿಗೆ ಹೊಸ ಬೀಗ ಇದೆ, ದರ್ಜಿಯ ಕಿಟಕಿಯಲ್ಲಿರುವ ಗೊಂಬೆಗೆ ಎಡಗೈ ಇಲ್ಲ ಎಂದೆ. "ಬಲಗೈ?" ಎಂದರು. "ಬಟ್ಟೆ ಮುಚ್ಚಿತ್ತು ಸರ್, ಕಾಣಲಿಲ್ಲ" ಎಂದೆ. ಅವರು ಪೆನ್ನು ಕೆಳಗಿಟ್ಟರು. "ಭಾನುವಾರದಿಂದ ಬಂದ್ಬಿಡು. ಕಾಣ್ಲಿಲ್ಲ ಅಂತ ಹೇಳೋಕೆ ಬರೋರು ಸಿಗೋದೇ ಇಲ್ಲ ನಂಗೆ."

ಈಗ ಪ್ರಕರಣಕ್ಕೆ ಬರುತ್ತೇನೆ. ಚನಿಯಣ್ಣ ಈ ಸಭೆಯಲ್ಲಿದ್ದಾರೆ, ಹಿಂದೆ ನೀರಿನ ಕ್ಯಾನಿನ ಪಕ್ಕದಲ್ಲಿ. ಆಮಂತ್ರಣದಲ್ಲಿ ಅವರ ಉಪಸ್ಥಿತಿ ಎಂದು ಅಚ್ಚಾಗಿದೆ, ಕುರ್ಚಿ ಮಾತ್ರ ಅಲ್ಲಿ ಸಿಕ್ಕಿದೆ. ಅವರು ಕಟ್ಟಡಗಳಿಗೆ ಸಾರ್ವೆ ಕಟ್ಟುವವರು. ಡಿಸೆಂಬರಿನ ಒಂದು ಶುಕ್ರವಾರ ಸಂಜೆ ಅವರ ಕಂಪನಿಯ ಗೋದಾಮಿನ ಕಾವಲುಗಾರನ ತಲೆಗೆ ಯಾರೋ ಕಬ್ಬಿಣದ ಪೈಪಿನಿಂದ ಹೊಡೆದರು. ಆತ ಬದುಕಿದ, ಆದರೆ ಅಂದಿನದ್ದು ಯಾವುದೂ ಅವನಿಗೆ ನೆನಪಿಲ್ಲ. ಹಿಂದಿನ ದಿನ ಅವನ ಜೊತೆ ಜಗಳವಾಡಿದ್ದವರು ಚನಿಯಣ್ಣ. ಅವರ ಫೋನು ಆ ಸಂಜೆಯೆಲ್ಲ ಗೋದಾಮಿನ ಹತ್ತಿರದ ಕ್ಯಾಂಪಿನಲ್ಲಿತ್ತು ಎಂದು ಟವರಿನ ದಾಖಲೆ ಹೇಳಿತು. ಮರುದಿನವೇ ಅವರನ್ನು ಹಿಡಿದರು.

ಚನಿಯಣ್ಣ ಹೇಳಿದ್ದು ಇಷ್ಟು: ಫೋನು ಕೋಣೆಯಲ್ಲಿ ಚಾರ್ಜಿಗೆ ಇತ್ತು. ತಾನು ಸಿಮ್ ಇಲ್ಲದ ಹಳೆಯ ಫೋನು ಹಿಡಿದುಕೊಂಡು, ಹೆಸರು ಗೊತ್ತಿಲ್ಲದ ಒಬ್ಬರ ಪಿಕ್‌ಅಪ್ ಹತ್ತಿ, ದೋಹಾದಿಂದ ಪಶ್ಚಿಮಕ್ಕೆ ಒಂದು ಗಂಟೆ ದೂರದ ಕಡಲಿಗೆ ಹೋಗಿದ್ದೆ. ಅಲ್ಲಿಯ ಸಮುದ್ರ ಹೇಗಿದೆ ಎಂದು ಊರಿನಲ್ಲಿ ಮಗಳು ಕೇಳಿದ್ದಳು, ಫೋಟೋ ತೆಗೆದೆ. ಆಮೇಲೆ ಹಳೆಯ ಫೋನು ಮರಳಿನಲ್ಲಿ ಎಲ್ಲೋ ಬಿದ್ದುಹೋಯಿತು.

ನಂಬುವ ಹಾಗಿತ್ತೇ? ನೀವು ನಂಬಿದಿರಾ? ಅವರ ಕೋಣೆಯವರು ನಮ್ಮ ಸಂಘಕ್ಕೆ ಫೋನು ಮಾಡಿದ್ದರು. ಅಧ್ಯಕ್ಷರು ಬಹಳ ಕಾಳಜಿಯಿಂದ, "ಅವ ನಮ್ಮ ಮೆಂಬರಾ? ಮೆಂಬರ್ ಅಲ್ಲದಿದ್ರೆ ನಮ್ಮದು ಎಂತ ಉಂಟು ಅದ್ರಲ್ಲಿ?" ಎಂದು ವಿಚಾರಿಸಿದ್ದರು. ಇದನ್ನು ದೂರಾಗಿ ಹೇಳುತ್ತಿಲ್ಲ. ಸಂಘಕ್ಕೆ ನಿಯಮಾವಳಿ ಎಂಬುದೊಂದು ಇದೆ. ಈಗ ಚನಿಯಣ್ಣ ಸದಸ್ಯರಾಗಿದ್ದಾರೆ, ಕಳೆದ ವಾರ. ತುಂಬಾ ಸಂತೋಷ.

ತನಿಖೆಯವರು ಮಾತ್ರ ಆ ಮಾತನ್ನು ಪರೀಕ್ಷಿಸಿಯೇ ಬಿಡೋಣ ಎಂದು ನಮ್ಮನ್ನು ಕೇಳಿದರು. ಸರ್ ಏನು ಮಾಡಿದರು ಗೊತ್ತೇ? ಕಚೇರಿಯ ಹಿಂದಿನ ಮೊಬೈಲ್ ಅಂಗಡಿಯಿಂದ ಆರು ಸತ್ತ ಫೋನು ತಂದು, ಅಂಥದೇ ಮರಳಿನ ಮೇಲೆ ಎಸೆದು, ಎರಡು ದಿನ ಪಕ್ಕದಲ್ಲಿ ಕೂತರು. ಶಮಾಲ್ ಗಾಳಿ ಬೀಸಿದರೆ ಫೋನು ಎಷ್ಟು ಹೊತ್ತಿನಲ್ಲಿ ಕಣ್ಣಿಗೆ ಮರೆಯಾಗುತ್ತದೆ ಎಂದು ಬರೆದುಕೊಂಡರು. ಆಮೇಲೆ ಚನಿಯಣ್ಣ ತೋರಿಸಿದ ಕಡಲಂಚನ್ನು ಅರವತ್ತು ಚೌಕಗಳಾಗಿ ಭಾಗ ಮಾಡಿದರು.

ನಮ್ಮ ನಿಯಮ ಸರಳವಾಗಿದೆ. ಪ್ರತಿ ಚೌಕವನ್ನೂ ಎರಡು ಸಲ ನಡೆಯಬೇಕು. ಮೊದಲು ಒಂದು ಬೆರಳು ಆಳಕ್ಕೆ ಮಾತ್ರ ಹೋಗುವ ಕುಂಟೆ ಹಿಡಿದು ಉತ್ತರದಿಂದ ದಕ್ಷಿಣಕ್ಕೆ, ಆಮೇಲೆ ಯಂತ್ರ ಹಿಡಿದು ಪೂರ್ವದಿಂದ ಪಶ್ಚಿಮಕ್ಕೆ. ಎರಡೂ ಮುಗಿದ ಮೇಲೆ ನಕ್ಷೆಯಲ್ಲಿ ಆ ಚೌಕಕ್ಕೆ ಹಸಿರು ಪೆನ್ಸಿಲ್ ಬಳಿಯಬೇಕು. ಬಳಿಯುವವಳು ನಾನು. ಹಸಿರು ಎಂದರೆ ಇಲ್ಲಿ ಇಲ್ಲ ಎಂದು ಅರ್ಥ. ಸಿಕ್ಕಿದರೆ ಯಾರು ಬೇಕಾದರೂ ಹೇಳಬಹುದು, ಕೈಯಲ್ಲೇ ಇರುತ್ತದಲ್ಲ. ಇಲ್ಲ ಎಂದು ಹೇಳಿ ಕೆಳಗೆ ಸಹಿ ಹಾಕುವುದಕ್ಕೇ ಸಲಹೆಗಾರ ಬೇಕು. ಸರ್ ಇಲ್ಲ ಎಂದರೆ ಈ ಊರಿನಲ್ಲಿ ಇಲ್ಲವೇ ಆಗಿತ್ತು. ಆ ಒಂದು ಮಾತಿನ ಮೇಲೆ ಜನ ಒಳಗೆ ಹೋಗಿದ್ದಾರೆ, ಹೊರಗೆ ಬಂದಿದ್ದಾರೆ.

ಅಧ್ಯಕ್ಷರು ಒಂದು ಚೀಟಿ ಕಳಿಸಿದ್ದಾರೆ. "ಫೋನು ಸಿಕ್ಕಿದ್ದು ಹೇಳಿ" ಎಂದಿದೆ. ಅಲ್ಲಿಗೇ ಬರುತ್ತಿದ್ದೇನೆ ಸರ್.

ಚನಿಯಣ್ಣ ಒಳಗೆ ಹೋದ ಆರನೆಯ ದಿನ ನಾವು ಹುಡುಕಿದೆವು. ಅದು ಅಪರಾಧ ನಡೆದ ಜಾಗ ಅಲ್ಲವಾದ್ದರಿಂದ ಹಗ್ಗ ಕಟ್ಟಿ ಜನರನ್ನು ದೂರ ಇಡುವ ಹಾಗಿರಲಿಲ್ಲ. ಚಳಿಗಾಲದ ಕಡಲು ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಕುಟುಂಬಗಳು ಬಂದು ಮರಳ ಮೇಲೆ ಜಮಖಾನ ಹಾಸಿ, ಫ್ಲಾಸ್ಕುಗಳನ್ನು ಸಾಲಾಗಿ ಇಟ್ಟು ಕೂರುತ್ತವೆ. ಹದಿನಾಲ್ಕನೆಯ ಚೌಕದಲ್ಲಿ ಕುಂಟೆಯ ನಡಿಗೆ ಬೆಳಗ್ಗೆಯೇ ಮುಗಿದಿತ್ತು. ಯಂತ್ರ ಹಿಡಿದ ನಮ್ಮ ಕಚೇರಿಯ ರೊನಾಲ್ಡ್ ಅಲ್ಲಿಗೆ ಬರುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು, ಚೌಕದ ತುಂಬ ಜಮಖಾನ ಬಿದ್ದಿತ್ತು. ನಾಲ್ಕು ಹೆಂಗಸರು, ಒಬ್ಬ ಅಜ್ಜಿ, ಮಕ್ಕಳು.

"ತೃಷಾ, ಅಲ್ಲಿ ಪೂರಾ ಹೆಂಗಸರು" ಎಂದ ರೊನಾಲ್ಡ್. "ನಾನು ಈ ಮಶಿನ್ ಹಿಡ್ಕೊಂಡು ಹೋಗಿ ನಿಂತ್ರೆ ಚಂದ ಅಲ್ಲ. ನೀನು ಹೋಗಿ ಕೇಳು. ಐದು ಮಿನಿಟು ಸ್ವಲ್ಪ ಆಚೆ ಕೂತ್ಕೊಳ್ಳಿ ಅಂತ. ಯಲ್ಲಾ, ಹೋಗು."

ನಾನು ಹೋದೆ. ಹೇಳಬೇಕಾದ ಅರೇಬಿಕ್ ವಾಕ್ಯವನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಹತ್ತಿರ ಹೋದ ಕೂಡಲೇ ಅಜ್ಜಿ ನನ್ನ ಕೈ ಹಿಡಿದು ಕೂರಿಸಿದರು. ಸಣ್ಣ ಬಟ್ಟಲಿನಲ್ಲಿ ಗಹ್ವಾ, ಅಂದರೆ ಅವರ ಕಾಫಿ, ಕೊಟ್ಟರು, ಖರ್ಜೂರ ಕೊಟ್ಟರು. ಕುಡಿದು ಮುಗಿಸಿದೆ, ಇನ್ನೊಂದು ಬಟ್ಟಲು ತುಂಬಿದರು. ಅದನ್ನೂ ಮುಗಿಸಿದೆ, ಮತ್ತೊಂದು. ಸಾಕು ಎನ್ನುವುದಕ್ಕೆ ಬಟ್ಟಲನ್ನು ಮೆಲ್ಲಗೆ ಅಲುಗಾಡಿಸಬೇಕು ಎಂದು ನನಗೆ ಆಗ ಗೊತ್ತಿರಲಿಲ್ಲ. ಐದನೆಯ ಬಟ್ಟಲಿನ ಹೊತ್ತಿಗೆ ಆ ಮನೆಯವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಾನು ಕೂತಿದ್ದ ಜಾಗದಿಂದ ಎರಡು ಮಾರು ದೂರದಲ್ಲಿ, ಅದೇ ಜಮಖಾನದ ಅಡಿಯಲ್ಲಿ... ಅದು ಆಮೇಲೆ.

ನಾನು ಕೇಳಲಿಲ್ಲ.

ಇಷ್ಟು ಉಪಚಾರ ಮಾಡಿದವರಿಗೆ ಏಳಿ, ಆಚೆ ಹೋಗಿ ಎಂದು ಹೇಗೆ ಹೇಳಲಿ? ಹೊಸಬರ ಮುಂದೆ ನನ್ನ ಬಾಯಿ ಏಳುವುದಿಲ್ಲ, ಕನ್ನಡದಲ್ಲೇ ಏಳುವುದಿಲ್ಲ. ವಾಪಸು ಬಂದು ರೊನಾಲ್ಡ್‌ಗೆ, "ಅವರು ಎದ್ದ ಮೇಲೆ ಮಾಡೋಣ, ಈಗ ಹದಿನೈದು ನೋಡಿ" ಎಂದೆ. ಅವನು ಹದಿನೈದಕ್ಕೆ ಹೋದ. ಸಂಜೆ ಐದಕ್ಕೆ ನಾವು ಹೊರಡುವಾಗಲೂ ಅವರು ಎದ್ದಿರಲಿಲ್ಲ; ನಕ್ಷೆಯಲ್ಲಿ ಐವತ್ತೊಂಬತ್ತು ಚೌಕ ಹಸಿರಾಗಿದ್ದವು, ಒಂದು ಬಿಳಿ. ಕಾರಿನ ಮುಂದಿನ ಸೀಟಿನಿಂದ ಸರ್, "ಎಲ್ಲಾ ಮುಗೀತೇನಮ್ಮ?" ಎಂದರು. ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಐದು ಬಟ್ಟಲು ಗಹ್ವಾ ಕುಡಿದೆ, ಒಂದು ಮಾತು ಕೇಳಲಿಲ್ಲ ಎಂದು ಹೇಳಬೇಕಾಗುತ್ತದೆ. "ಮುಗೀತು ಸರ್" ಎಂದೆ. ಕಾರು ಹೊರಟ ಮೇಲೆ ತೊಡೆಯ ಮೇಲೆ ನಕ್ಷೆ ಇಟ್ಟುಕೊಂಡು ಅದಕ್ಕೂ ಹಸಿರು ಬಳಿದೆ.

ನಾನು ಬರೆದುಕೊಂಡು ಬಂದ ಹಾಳೆಯಲ್ಲಿ ಈ ಭಾಗ ಇಲ್ಲ. ನನ್ನ ಅಕ್ಕ ಮೋಕ್ಷಾ ಎರಡನೆಯ ಸಾಲಿನಲ್ಲಿದ್ದಾಳೆ. ಅವಳಿಗೆ ಗೊತ್ತಿತ್ತು. ಇವತ್ತು ಸೀರೆಯ ನೆರಿಗೆ ಹಿಡಿಯುತ್ತಾ ಹೇಳಿದ್ದಳು: "ಆ ಸರ್‌ದು ವಿಷಯ ಎಲ್ಲ ತೆಗೀಬೇಡ ಮಾರಾಯ್ತಿ. ಥ್ಯಾಂಕ್ಸ್ ಹೇಳು, ಶಾಲು ತಗೋ, ಇಳಿ. ಖಲಾಸ್. ಭಾವನ ಆಫೀಸಿನವರೂ ಬರ್ತಾರೆ." ಅವಳ ಮುಖ ನೋಡದೆ ಮಾತಾಡುತ್ತಿದ್ದೇನೆ.

ವರದಿಯನ್ನು ಟೈಪ್ ಮಾಡಿದವಳೂ ನಾನೇ. "ಸೂಚಿಸಿದ ಜಾಗವನ್ನು ಸಂಪೂರ್ಣವಾಗಿ ಎರಡು ಬಾರಿ ಶೋಧಿಸಲಾಗಿದೆ, ವಸ್ತು ಅಲ್ಲಿಲ್ಲ." ಕೆಳಗೆ ಸರ್ ಸಹಿ. ಸಾಹಿತ್ಯ ಓದಿದವಳಾಗಿ ಹೇಳುತ್ತೇನೆ, ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆ ಇಲ್ಲ.

ಕೆಲವು ವಾರಗಳ ನಂತರ ಚನಿಯಣ್ಣನ ಹೊಸ ಹೇಳಿಕೆ ತೆಗೆದುಕೊಳ್ಳುವಾಗ ತುಳು ಅನುವಾದಕ್ಕೆ ನನ್ನನ್ನು ಕರೆದರು. ಫೋನು ಅಲ್ಲಿಲ್ಲ ಎಂದು ಅವರಿಗೆ ನಾನೇ ತಿಳಿಸಬೇಕಾಯಿತು. ಸುಳ್ಳು ಎಂದು ಕೂಗುತ್ತಾರೆ ಅಂದುಕೊಂಡಿದ್ದೆ. ಅವರು ಕೂಗಲಿಲ್ಲ. ಹೀಗೆ ಹೇಳಿದರು: "ನೀವೆಲ್ಲ ಓದಿದವರು ಅಕ್ಕ. ಮಶಿನ್ ಎಲ್ಲ ತಗೊಂಡು ಹೋಗಿದ್ದೀರಿ. ನೀವು ಇಲ್ಲ ಅಂದ್ರೆ ಇಲ್ಲವೇ ಇರ್ಬೇಕು. ನಾನು ಸಮುದ್ರಕ್ಕೆ ಹೋದದ್ದು ಹೌದಾ, ಅಲ್ಲ ಕನಸು ಬಿದ್ದದ್ದಾ ಅಂತ ಈಗ ನನಗೇ ಡೌಟು."

ನನಗಿಂತ ಹದಿನೈದು ವರ್ಷ ದೊಡ್ಡವರು ನನ್ನನ್ನು ಅಕ್ಕ ಎಂದರು. ಅದನ್ನು ಅನುವಾದ ಮಾಡುವಾಗ ಅಧಿಕಾರಿ, "ಯಾಕೆ ನಿಲ್ಲಿಸಿದಿರಿ?" ಎಂದು ಕೇಳಿದರು.

ಮರುದಿನ ಸರ್ ಹತ್ತಿರ ಹೋಗಿ, "ಇನ್ನೊಂದು ಸಲ ಹುಡುಕಬಹುದಾ ಸರ್?" ಎಂದೆ. ಅಷ್ಟು ಹೇಳಲು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಬೇಕಾಯಿತು. "ಯಾಕಮ್ಮ?" ಎಂದರು. ಅವರು ನಕ್ಷೆ ತರಿಸಿ ಮೇಜಿನ ಮೇಲೆ ಹರಡಿಕೊಂಡರು. ಬಹಳ ಹೊತ್ತು ನೋಡಿದರು. ಐವತ್ತೊಂಬತ್ತು ಚೌಕಗಳ ಹಸಿರು ಗೆರೆಗಳು ಹಲಗೆಯ ಮೇಲಿಟ್ಟು ಎಳೆದವು, ನೇರ ಇದ್ದವು. ಒಂದು ಚೌಕದವು ಮಾತ್ರ ಕಾರಿನ ಕುಲುಕಾಟಕ್ಕೆ ಗಡಿ ದಾಟಿ ಆಚೀಚೆ ಹೋಗಿದ್ದವು. ಮರಳಿನ ಮೇಲೆ ಹಲ್ಲಿ ಓಡಿದ ಗುರುತು ನೋಡಿ ಅದು ಯಾವ ಹೊತ್ತಿನಲ್ಲಿ ಓಡಿದ್ದು ಎಂದು ಹೇಳುವ ಮನುಷ್ಯ ಅವರು. ಇದು ಕಾಣದೆ ಇರುತ್ತದೆಯೇ?

"ಹದಿನಾಲ್ಕರಿಂದ ಶುರು ಮಾಡೋಣ" ಎಂದರು. ಇಷ್ಟೇ.

ನಲವತ್ತೊಂದನೆಯ ದಿನ ನಾನೇ ಕುಂಟೆ ಹಿಡಿದೆ, ಯಂತ್ರವನ್ನೂ ನಾನೇ ಹಿಡಿದೆ. ಮೂರನೆಯ ಹೆಜ್ಜೆಗೆ ಯಂತ್ರ ಕೂಗಿತು. ಅದನ್ನೇ ನೀವು ಕೇಳಿರುವುದು, ಅದಕ್ಕೇ ಈ ಶಾಲು. ಫೋನಿನಲ್ಲಿ ಹನ್ನೊಂದು ಫೋಟೋ ಇದ್ದವು. ಎಂಟರಲ್ಲಿ ಚನಿಯಣ್ಣನ ಹೆಬ್ಬೆರಳು ಅಡ್ಡ ಬಂದಿತ್ತು. ಒಂಬತ್ತನೆಯದರಲ್ಲಿ ಸಮುದ್ರ, ಮುಳುಗುವ ಸೂರ್ಯ, ಅವರ ಅರ್ಧ ಮುಖ; ಫೋಟೋ ತೆಗೆದ ಸಮಯವೆಂದು ಫೋನು ತೋರಿಸಿದ್ದು ಗೋದಾಮಿನಲ್ಲಿ ಪೈಪು ಎತ್ತಿದ ಅದೇ ದಿನ, ಅದೇ ಹೊತ್ತು. ಮೂರು ದಿನದಲ್ಲಿ ಅವರು ಹೊರಗೆ ಬಂದರು.

ಮೊದಲ ಸಲ ಯಾಕೆ ಸಿಗಲಿಲ್ಲ ಎಂದು ತನಿಖೆಯವರು ಕೇಳಿದರು. ಕೇಳಬೇಕಾದದ್ದೇ. ಸರ್ ಉತ್ತರ ಬರೆದುಕೊಟ್ಟರು: "ಗಾಳಿಯ ಲೆಕ್ಕದಲ್ಲಿ ಸಲಹೆಗಾರನಿಂದ ತಪ್ಪಾಗಿದೆ." ಅದನ್ನೂ ಟೈಪ್ ಮಾಡಲು ನನಗೇ ಕೊಟ್ಟರು. "ಸರ್, ಇದು ಹಾಗಲ್ಲ" ಎಂದೆ. "ಟೈಪ್ ಮಾಡಮ್ಮ. ನಂಗೆ ಅರವತ್ತೊಂದು, ನಿಂಗೆ ಇಪ್ಪತ್ತೈದು. ನಂದು ಆಗೋಯ್ತು" ಎಂದರು. ನಾನು ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಾಗಲಿಲ್ಲ.

ಅವರ ಒಪ್ಪಂದ ನವೀಕರಣ ಆಗಲಿಲ್ಲ. ಬರುವ ಗುರುವಾರ ಮೈಸೂರಿಗೆ ಹೊರಡುತ್ತಾರೆ. ಇವತ್ತು ಅವರನ್ನೂ ಕರೆಯಬಹುದಿತ್ತಲ್ಲ ಎಂದು ಅಧ್ಯಕ್ಷರಲ್ಲಿ ಕೇಳಿದ್ದೆ, ಅದೂ ವಾಟ್ಸಾಪಿನಲ್ಲಿ. "ತಪ್ಪು ಮಾಡಿದವರನ್ನು ಸ್ಟೇಜಿಗೆ ಕರೆದ್ರೆ ಹೇಗೆ ಕಾಣ್ತದೆ ತೃಷಾ? ಹುಡುಗಿ ಹುಡುಕಿದ್ದಲ್ವಾ?" ಎಂದು ಬರೆದಿದ್ದರು, ಕೈಮುಗಿದ ಚಿತ್ರದ ಸಮೇತ. ಅವರ ತರ್ಕದಲ್ಲಿ ಲೋಪವಿಲ್ಲ. ತಪ್ಪು ಮಾಡಿದವರನ್ನು ವೇದಿಕೆಗೆ ಕರೆಯಬಾರದು.

ಇದು ಸರ್ ಮತ್ತು ನನ್ನ ನಡುವಿನ ವಿಷಯ ಮಾತ್ರ ಆಗಿದ್ದರೆ, ನಿಜ ಹೇಳುತ್ತೇನೆ, ನಾನು ಹೆದರಿಕೊಂಡು ಸುಮ್ಮನಿರುತ್ತಿದ್ದೆ. ನನ್ನ ಉಳಿದ ಆಯುಷ್ಯವನ್ನು ಅವರ ಮೇಲಿನ ಕೃತಜ್ಞತೆಯಲ್ಲಿ ಕಳೆಯುತ್ತಿದ್ದೆ. ಕೃತಜ್ಞತೆ ಸುಲಭ, ಕೂತಲ್ಲೇ ಮಾಡಬಹುದು. ಆದರೆ ಮೊನ್ನೆ ಬುಧವಾರ ಒಂದು ಪತ್ರ ಬಂತು. ಮೂರು ವರ್ಷದ ಹಿಂದೆ ಒಬ್ಬ ಟ್ಯಾಂಕರ್ ಚಾಲಕ ಬಿಡುಗಡೆಯಾಗಿದ್ದ. ಅವನ ವಾಹನ ನಿಲ್ಲುತ್ತಿದ್ದ ಜಾಗದಲ್ಲಿ ಏನೂ ಇಲ್ಲ ಎಂದು ಸರ್ ಬರೆದುಕೊಟ್ಟಿದ್ದರಿಂದ ಬಿಡುಗಡೆ. ಗಾಳಿಯ ಲೆಕ್ಕ ತಪ್ಪುವ ಸಲಹೆಗಾರ ಎಂದು ಈಗ ಅವರೇ ಒಪ್ಪಿಕೊಂಡಿದ್ದಾರಲ್ಲ, ಹಾಗಾಗಿ ಆ ಕಡತವನ್ನು ಮತ್ತೆ ತೆರೆಯುತ್ತಾರಂತೆ. ಆ ಚಾಲಕನಿಗೆ ಪ್ರಯಾಣ ನಿಷೇಧವಾಗಿದೆ. ಅವನ ಹೆಸರು ಕೂಡ ನಮ್ಮ ಸದಸ್ಯರ ಪಟ್ಟಿಯಲ್ಲಿ ಇಲ್ಲ, ನೋಡಿದ್ದೇನೆ. ಸರ್ ಆ ಪತ್ರ ಓದಿ, ಮಡಚಿ, ಕಿಟಕಿಯ ಹತ್ತಿರ ಹೋಗಿ ನಿಂತರು. ಇಪ್ಪತ್ತೆರಡು ವರ್ಷದಲ್ಲಿ ಅವರು ಹೇಳಿದ ಒಂದೊಂದು ‘ಇಲ್ಲ’ವೂ ಈಗ ‘ಇರಬಹುದು’ ಎಂದಾಗುತ್ತದೆ. ನನ್ನೊಬ್ಬಳನ್ನು ಉಳಿಸಲು ಬರೆದ ಆ ಒಂದು ವಾಕ್ಯ ಎಷ್ಟು ಜನರ ಮನೆ ಬಾಗಿಲಿಗೆ ಹೋಗುತ್ತದೆ ಎಂದು ಅವರಂಥ ಲೆಕ್ಕಾಚಾರದವರಿಗೂ ಆ ದಿನ ಹೊಳೆದಿರಲಿಲ್ಲ.

ಚನಿಯಣ್ಣ, ನೀವು ಒಳಗಿದ್ದದ್ದು ನಲವತ್ತನಾಲ್ಕು ದಿನ. ಮೊದಲ ಆರು ದಿನ ಯಾರದೆಂದು ನನಗೆ ಗೊತ್ತಿಲ್ಲ. ಕೊನೆಯ ಮೂರು ದಿನ ಕಾಗದಪತ್ರದ್ದು. ನಡುವಿನ ಮೂವತ್ತೈದು ದಿನ ನನ್ನವು. ಬಾಗಿಲ ಬಳಿ ಸಿಕ್ಕಾಗ ನೀವು ನನ್ನ ಕಾಲಿಗೆ ಬಗ್ಗಲು ಬಂದಿರಿ. ನಾನು ಪಕ್ಕಕ್ಕೆ ಸರಿದದ್ದು ವಿನಯದಿಂದ ಎಂದು ಅಲ್ಲಿದ್ದವರು ಹೊಗಳಿದರು.

ಅಧ್ಯಕ್ಷರ ಎರಡನೆಯ ಚೀಟಿ ಬಂದಿದೆ. ಓದದೆ ಇಟ್ಟುಕೊಳ್ಳುತ್ತೇನೆ. ಇನ್ನು ಒಂದೇ ನಿಮಿಷ.

ಶಾಲು ಹೊದೆಸಿದ ಹಿರಿಯರಿಗೆ, ಹೂ ಕಟ್ಟಿದವರಿಗೆ, ಊಟದ ವ್ಯವಸ್ಥೆ ಮಾಡಿದವರಿಗೆ, ಚೆಂದ ಕುಣಿದ ಮಕ್ಕಳಿಗೆ ನನ್ನ ಧನ್ಯವಾದಗಳು. ಆ ಮಕ್ಕಳ ಕುಣಿತ ನಡೆಯುತ್ತಿದ್ದಾಗ ನಾನು ಈ ಕುರ್ಚಿಯಲ್ಲಿ ಕೂತು ಒಂದು ನಿರ್ಧಾರ ಮಾಡಿದೆ. ನೀವೆಲ್ಲ ಚಪ್ಪಾಳೆ ತಟ್ಟುತ್ತಿದ್ದಿರಿ, ಯಾರಿಗೂ ಗೊತ್ತಾಗಿರಲಿಕ್ಕಿಲ್ಲ. ಭಾನುವಾರ ಬೆಳಗ್ಗೆ ಏಳಕ್ಕೆ ತನಿಖಾಧಿಕಾರಿಗಳ ಕಚೇರಿ ತೆರೆಯುತ್ತದೆ. ನಾನು ಅಲ್ಲಿಗೆ ಹೋಗಿ ಹೇಳಿಕೆ ಕೊಡುತ್ತೇನೆ. ಗಾಳಿಯ ಲೆಕ್ಕ ಸರಿಯಾಗಿತ್ತು, ಆ ಚೌಕದಲ್ಲಿ ಯಂತ್ರದ ನಡಿಗೆ ಆಗಿಯೇ ಇರಲಿಲ್ಲ, ಬಣ್ಣ ಬಳಿದದ್ದು ನಾನು ಎಂದು. ಕೆಲಸ ಹೋಗುತ್ತದೆ, ವೀಸಾ ಹೋಗುತ್ತದೆ, ಅದಕ್ಕಿಂತ ಹೆಚ್ಚಿನದೂ ಆಗಬಹುದು. ಅಕ್ಕ, ನೀನು ಮನೆಯಲ್ಲಿ ಬೈಯಿ, ಇಲ್ಲಿ ಅಳಬೇಡ. ಸರ್‌ಗೆ ಹೇಳಿ ಹೋಗುವುದಿಲ್ಲ, ಹೇಳಿದರೆ ಅವರು ತಡೆಯುತ್ತಾರೆ. ಹೇಳಿಕೆಯನ್ನು ನಾನೇ ಟೈಪ್ ಮಾಡುತ್ತೇನೆ, ಈ ಸಲ ಸಹಿಯೂ ನನ್ನದೇ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ. ಎಲ್ಲರಿಗೂ ನಮಸ್ಕಾರ.